ಗೊರಾಯಿ ಮರಳಲ್ಲಿ ಕಳೆದ ತಾಳಿ ಮತ್ತು ಒಂದು ಜರಡಿ ಸಲಿಕೆ

ಭಾನುವಾರ ಸಂಜೆ 5 ಗಂಟೆ 12 ನಿಮಿಷಕ್ಕೆ ತೆಗೆದ ಫೋಟೋದಲ್ಲಿ ವೈನಿಯ ಕೊರಳಲ್ಲಿ ತಾಳಿ ಇದೆ. 5 ಗಂಟೆ 41 ನಿಮಿಷದ ಫೋಟೋದಲ್ಲಿ ಇಲ್ಲ. ನಡುವಿನ 29 ನಿಮಿಷ ಅವರು ಗೊರಾಯಿ ಬೀಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಜೀವಮಾನದಲ್ಲಿ ಮೊದಲ ಸಲ ಅಲೆಗೆ ಮೈಕೊಟ್ಟು ಚಿಕ್ಕ ಹುಡುಗಿಯಂತೆ ನಗುತ್ತಿದ್ದರು. ಬೊರಿವಲಿಗೆ ಮರಳುವ ಲಾಂಚಿನಲ್ಲಿ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಾಗಲೇ ಕೊರಳು ಬರಿದಾಗಿದ್ದು ತಿಳಿದದ್ದು. ಕುಪ್ಪಸದೊಳಗೆ ಸಿಕ್ಕಿಕೊಂಡಿದ್ದ ನಾಲ್ಕು ಕರಿಮಣಿ, ಒಂದು ತುಂಡು ದಾರ ಬಿಟ್ಟರೆ ಬೇರೇನೂ ಇರಲಿಲ್ಲ.

ಅವರು ಮುಂಬಯಿಗೆ ಸಮುದ್ರ ನೋಡಲು ಬಂದವರಲ್ಲ. ಗದಗಿನಿಂದ ಅಣ್ಣನ ಹೃದಯದ ಆಪರೇಷನ್ನಿಗೆಂದು ಬಂದವರು. ಗುರುವಾರಕ್ಕೆ ದಿನ ಗೊತ್ತಾಗಿತ್ತು. ಆಸ್ಪತ್ರೆಗೆ ಸೇರುವ ಮೊದಲು ಒಂದು ಸಂಜೆಯಾದರೂ ಎಲ್ಲವನ್ನೂ ಮರೆತಿರಲಿ ಎಂದು ಕರೆದುಕೊಂಡು ಹೋದವನು ನಾನೇ. ಶಕುನಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಗಂಡನ ಎದೆ ತೆರೆಯುವುದಕ್ಕೆ ನಾಲ್ಕು ದಿನ ಮೊದಲು ತಾಳಿ ಕಳೆದುಕೊಂಡ ಹೆಂಗಸಿನ ಮುಂದೆ ನಿಂತು ಆ ಮಾತು ಹೇಳುವ ಧೈರ್ಯ ನಿಮಗಿದ್ದರೆ ಹೇಳಿ ನೋಡಿ. ಮನೆಗೆ ಬಂದ ಕೂಡಲೇ ನನ್ನ ಹೆಂಡತಿ ಒಂದು ಅರಿಸಿನ ಕೊಂಬನ್ನು ದಾರಕ್ಕೆ ಕಟ್ಟಿ ಅವರ ಕೊರಳಿಗೆ ಹಾಕಿದಳು. "ಹೋಗ್ಲಿ ಬಿಡೋ, ಸಮುದ್ರಕ್ಕ ಕೊಟ್ಟೆ ಅಂತ ತಿಳಕೋತೀನಿ" ಎಂದರು ವೈನಿ. ಹಾಗೆಂದರೂ ಊಟಕ್ಕೆ ಕೂತಾಗ ಅವರ ಎಡಗೈ ಮತ್ತೆ ಮತ್ತೆ ಕೊರಳಿಗೆ ಹೋಗುತ್ತಿತ್ತು.

ನನ್ನಲ್ಲಿ ಒಂದು ಮೆಟಲ್ ಡಿಟೆಕ್ಟರ್ ಇದೆ. ಮೂರು ವರ್ಷದ ಹಿಂದೆ, ಮನೆಯಿಂದಲೇ ಕೆಲಸ ಮಾಡಿ ಮಾಡಿ ಬೇಸತ್ತಿದ್ದಾಗ ಕೊಂಡದ್ದು. ಆಗೀಗ ಭಾನುವಾರ ಗೊರಾಯಿಗೋ ಮನೋರಿಗೋ ಒಯ್ದು, ಬಾಟಲಿ ಮುಚ್ಚಳಗಳನ್ನೂ ಒಂದು ರೂಪಾಯಿ ನಾಣ್ಯಗಳನ್ನೂ ಆರಿಸಿ ತರುತ್ತಿದ್ದೆ. ಮನೆಯವರಿಗೆ ಅದೊಂದು ತಮಾಷೆ. ಆ ರಾತ್ರಿ ಮಾತ್ರ ಎಲ್ಲರೂ ನನ್ನ ಕಡೆಗೇ ನೋಡಿದರು.

ಹುಣ್ಣಿಮೆ ಆಗಷ್ಟೇ ಕಳೆದಿತ್ತು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ದೊಡ್ಡ ಭರತ ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಸುಮಾರಿಗೆ ಬರುತ್ತದೆ, ಇಳಿತ ಬೆಳಿಗ್ಗೆ ಮತ್ತು ಸಂಜೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಸೋಮವಾರ 7 ಗಂಟೆಯ ಸುಮಾರಿಗೆ ವೈನಿ ನಿಂತಿದ್ದ ಜಾಗ ಬಯಲಾಗುತ್ತದೆ. ಮಂಗಳವಾರ ಎಂಟರ ಹತ್ತಿರ, ಬುಧವಾರ ಎಂಟೂವರೆ ದಾಟಿ. ಗುರುವಾರ ಆಸ್ಪತ್ರೆ. ಮೂರು ಬೆಳಗು, ಪ್ರತಿ ಬೆಳಗಿಗೆ ಎರಡು ಗಂಟೆ ಹೊತ್ತು, ನನ್ನ ಪಾಲಿಗೆ ಇದ್ದದ್ದು ಅಷ್ಟೇ.

ಫೋಟೋಗಳು ದೊಡ್ಡ ಉಪಕಾರ ಮಾಡಿದವು. ಫೋನು ಪ್ರತಿ ಚಿತ್ರದ ಜೊತೆ ಹೊತ್ತನ್ನೂ ಜಾಗವನ್ನೂ ಬರೆದಿಟ್ಟುಕೊಂಡಿರುತ್ತದೆ. ಅದರಲ್ಲಿ ಕೆಲವು ಮೀಟರ್ ಆಚೀಚೆ ಆಗಬಹುದು. ಆದರೂ ಎರಡು ಚಿತ್ರಗಳ ನಡುವೆ 40 ಮೀಟರ್ ಉದ್ದ, 15 ಮೀಟರ್ ಅಗಲದ ಒಂದು ಪಟ್ಟಿ ಗುರುತಾಯಿತು. ಸಮುದ್ರವೆಲ್ಲ ಹುಡುಕುವ ಬದಲು 600 ಚದರ ಮೀಟರ್. ಏನಾದರೂ ಕಳೆದಾಗ ಮೊದಲು ಮಾಡಬೇಕಾದದ್ದು ಇದೇ: ಕಾಲಿನಿಂದ ಮರಳು ಕೆದಕದೆ, ಫೋನು ತೆಗೆದು ನಿಂತ ಜಾಗದ ಗುರುತು ಹಾಕಿಕೊಳ್ಳುವುದು.

ಸೋಮವಾರ ಬೆಳಗಿನ ಲಾಂಚಿನಲ್ಲಿ ಹೋದೆ. ಪಟ್ಟಿಯನ್ನು ಅರ್ಧ ಮೀಟರಿಗೊಂದು ಗೆರೆಯಂತೆ ನಡೆದೆ. ಡಿಟೆಕ್ಟರ್ ತನ್ನ ಕೆಲಸ ಮಾಡಿತು. ಕೈಕೊಟ್ಟದ್ದು ನನ್ನ ಸ್ಕೂಪು.

ಸ್ಯಾಂಡ್ ಸ್ಕೂಪ್ ಎಂದರೆ ತೂತುಗಳಿರುವ ಸಲಿಕೆ. ನಮ್ಮ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಬೂಂದಿ ಎತ್ತುವ ಝಾರಿ ಸೌಟು ಇರುತ್ತದಲ್ಲ, ಅದನ್ನು ಬುಟ್ಟಿಯಷ್ಟು ಆಳ ಮಾಡಿ ಉದ್ದ ಹಿಡಿ ಹಾಕಿದರೆ ಹೇಗಿರುತ್ತದೋ ಹಾಗೆ. ಮರಳು ಸೋರಿಹೋಗಬೇಕು, ವಸ್ತು ಉಳಿಯಬೇಕು. ನನ್ನಲ್ಲಿದ್ದದ್ದು ಡಿಟೆಕ್ಟರಿನ ಜೊತೆಗೇ ಆನ್‌ಲೈನಿನಲ್ಲಿ ತರಿಸಿದ ಗಿಡ್ಡ ಹಿಡಿಯ ಪ್ಲಾಸ್ಟಿಕ್ ಸ್ಕೂಪು. ಒಣ ಮರಳಿಗೆ ಅದು ಸಾಕು, ಹಗುರವೂ ಹೌದು. ಒಣ ಮರಳು ಎರಡು ಸಲ ಅಲುಗಿಸಿದರೆ ಹಿಟ್ಟಿನಂತೆ ಸೋರುತ್ತದೆ. ಆದರೆ ಇಳಿತದಲ್ಲಿ ಬಯಲಾದ ಹಸಿ ಮರಳು ಹಾಗಲ್ಲ, ಅದು ಅರ್ಧ ಸಿಮೆಂಟು. ಮೂರನೇ ಗುಂಡಿಗೇ ಹಿಡಿ ಸೇರುವ ಜಾಗದಲ್ಲಿ ಸ್ಕೂಪು ಸೀಳಿತು. ಬೀಚಿನ ಅಂಗಡಿಯವರೊಬ್ಬರು ಫಾವಡಾ ಕೊಟ್ಟರು. ಅದರಿಂದ ಮರಳು ತೆಗೆಯಬಹುದು, ಜರಡಿ ಹಿಡಿಯಲಾಗದು. ತೋಡಿದ ಗುಂಡಿಗೆ ಬದಿಯಿಂದ ನೀರು ಜಿನುಗಿ ಗೋಡೆ ಕುಸಿಯುತ್ತಿತ್ತು. ಎರಡು ನಿಮಿಷದ ಹಿಂದೆ ಸ್ಪಷ್ಟವಾಗಿ ಕೂಗುತ್ತಿದ್ದ ಸದ್ದು ಕ್ಷೀಣವಾಗಿ, ಆಮೇಲೆ ಇಲ್ಲವೇ ಆಗುತ್ತಿತ್ತು.

ಏಕೆ ಹಾಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಸ್ಕೂಪಿನ ಆಯ್ಕೆಯೆಲ್ಲ ಇದರ ಮೇಲೆಯೇ ನಿಂತಿದೆ. ಮರಳಿನ ಕಣ ನೀರಿಗಿಂತ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ. 22 ಕ್ಯಾರೆಟ್ ಚಿನ್ನ ಹದಿನೇಳು ಹದಿನೆಂಟು ಪಟ್ಟು ಭಾರ. ನೀರು ತುಂಬಿ ಸಡಿಲವಾದ ಮರಳನ್ನು ಕದಡಿದಷ್ಟೂ ಚಿನ್ನ ಕೆಳಕ್ಕೆ ಇಳಿಯುತ್ತದೆ, ಗಟ್ಟಿ ಪದರ ಸಿಗುವವರೆಗೂ ಇಳಿಯುತ್ತದೆ. ಅಂದರೆ ನಾವು ತೆಗೆಯಲೆಂದು ಮಾಡುವ ಕೆಲಸವೇ ಅದನ್ನು ಹೂಳುವ ಕೆಲಸವೂ ಆಗಬಹುದು. ಒಂದು ಗೇಣು ಆಳದಲ್ಲಿದ್ದದ್ದು ಮೇಲೆ ಮೇಲೆ ಕೆದಕಿದ ತಪ್ಪಿಗೆ ಒಂದೂವರೆ ಗೇಣಿಗೆ ಹೋಗಿ ಕೂತರೆ ಸಣ್ಣ ವಸ್ತುವಿನ ಸದ್ದು ಯಂತ್ರಕ್ಕೆ ಕೇಳುವುದೇ ಇಲ್ಲ. ಆದ್ದರಿಂದ ಮೊದಲ ಸಲ ಹಾಕಿದಾಗಲೇ ಸ್ಕೂಪು ವಸ್ತುವಿನ ಅಡಿಗೆ ಹೋಗಬೇಕು. ಅದಕ್ಕೆ ಬಲ ಬೇಕು. ಕೈಯ ಬಲ ಸಾಲದು, ಕಾಲಿನ ಬಲ, ಮೈಭಾರ ಬೇಕು.

ಇದನ್ನೆಲ್ಲ ಯೋಚಿಸಿದ್ದು ಸೋಮವಾರ ವಾಪಸು ಬರುವ ಲಾಂಚಿನಲ್ಲಿ, ಚೀಲದಲ್ಲಿ ಮುರಿದ ಪ್ಲಾಸ್ಟಿಕ್ ಇಟ್ಟುಕೊಂಡು. ಆನ್‌ಲೈನಿನಲ್ಲಿ ಒಳ್ಳೆಯ ಸ್ಟೀಲ್ ಸ್ಕೂಪು ಇತ್ತು, ಆದರೆ ಬರಲು ಹತ್ತು ದಿನ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ದಹಿಸರಿನಲ್ಲಿ ನಮ್ಮ ಕಟ್ಟಡದ ಗ್ರಿಲ್ ಮಾಡಿಕೊಟ್ಟ ಫ್ಯಾಬ್ರಿಕೇಟರ್ ಮಿಸ್ತ್ರಿಯ ಗಾಳೆಗೆ ಹೋದೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವನು ಚಿತ್ರವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಇದರಿಂದ ಏನು ಹಿಡಿಯುತ್ತೀರಿ, ಏಡಿಯೇ ಎಂದು ಕೇಳಿದ.

ತೂತಿನ ಅಳತೆಯೇ ಮೊದಲ ಪ್ರಶ್ನೆ. ಮಾರಾಟಕ್ಕಿರುವ ಅನೇಕ ಸ್ಕೂಪುಗಳ ತೂತು 10 ರಿಂದ 12 ಮಿಲಿಮೀಟರ್. ನಾಣ್ಯಕ್ಕೂ ಗಂಡಸರ ಉಂಗುರಕ್ಕೂ ಅದು ಸರಿ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಈಚಿನ ಒಂದು ರೂಪಾಯಿಯೇ 20. ಆದರೆ ನಮ್ಮ ಹೆಂಗಸರ ಒಡವೆಯ ಲೆಕ್ಕ ಬೇರೆ. ಮೂಗುಬಟ್ಟು, ಬೆಂಡೋಲೆಯ ತಿರುಪು, ಗುಂಡು, ತಾಳಿ, ಎಲ್ಲ ಸಣ್ಣವು. ವೈನಿಯದು ಉತ್ತರ ಕರ್ನಾಟಕದ ಜೋಡಿ ತಾಳಿ, ಒಂದು ತವರಿನದು, ಇನ್ನೊಂದು ಅತ್ತೆಮನೆಯದು. ಎರಡೂ ಪುಟ್ಟ ಬಟ್ಟಲಿನ ಆಕಾರ. ನನ್ನ ಹೆಂಡತಿಯದೂ ಅದೇ ಅಕ್ಕಸಾಲಿಗರು ಮಾಡಿದ್ದು, ಅದೇ ಅಳತೆ. ತೆಗೆದುಕೊಡು ಅಳೆಯುತ್ತೇನೆ ಎಂದರೆ ಅವಳು ಒಪ್ಪಬೇಕಲ್ಲ? ಕೊನೆಗೆ ಅವಳೇ ಬಾಗಿ ನಿಂತಳು, ನಾನು ಮಗನ ಕಂಪಾಸ್ ಪೆಟ್ಟಿಗೆಯ ಸ್ಕೇಲು ಹಿಡಿದೆ. 11 ಮಿಲಿಮೀಟರ್. 12ರ ತೂತಿನಲ್ಲಿ ಅದು ಮರಳಿನೊಂದಿಗೇ ಸೋರಿಹೋಗುತ್ತದೆ. 10ರಲ್ಲಿ ಉಳಿದೀತು, ತೂತು ಸವೆದಿದ್ದರೆ ಅದೂ ಅನುಮಾನ. 8 ಎಂದು ತೀರ್ಮಾನಿಸಿದೆ.

ಇನ್ನೂ ಸಣ್ಣದು ಏಕೆ ಬೇಡ? 4 ಅಥವಾ 5 ಮಿಲಿಮೀಟರಿನ ತೂತಿನಲ್ಲಿ ಹಸಿ ಮರಳು ಇಳಿಯುವುದೇ ಇಲ್ಲ, ಕಪ್ಪೆಚಿಪ್ಪಿನ ಚೂರು ಸಿಕ್ಕಿಕೊಂಡು ಅರ್ಧ ತೂತು ಮುಚ್ಚುತ್ತದೆ. ನೀವು ಸ್ಕೂಪು ಅಲುಗಿಸುತ್ತಲೇ ಇರುತ್ತೀರಿ, ಇಳಿತ ಮುಗಿದಿರುತ್ತದೆ. ನೀವೂ ಕೊಳ್ಳುವ ಮೊದಲು ಹುಡುಕುವ ವಸ್ತು ಯಾವುದೆಂದು ನೋಡಿ, ಅಷ್ಟೇ ಗಾತ್ರದ ಕಾಳನ್ನು ಅಡುಗೆಮನೆಯಿಂದ ತಂದು ತೂತಿನಲ್ಲಿ ತೂರಿಸಿ ನೋಡಿ. ನಾನು ಕಾಬೂಲಿ ಕಡಲೆ ಒಯ್ದಿದ್ದೆ. ಮಿಸ್ತ್ರಿಗೆ ಈಗ ನನ್ನ ತಲೆಯ ಬಗ್ಗೆ ಯಾವ ಸಂಶಯವೂ ಉಳಿಯಲಿಲ್ಲ.

ಶೀಟು ಅವನ ಬಳಿಯೇ ಇತ್ತು. ತೂತಿನ ಶೀಟು ಬೇಕಾದವರು ಮಸ್ಜಿದ್ ಬಂದರದ ಬಳಿಯ ನಾಗದೇವಿ ರಸ್ತೆಯ ಹಾರ್ಡ್‌ವೇರ್ ಪೇಟೆಯಲ್ಲಿ ಕೇಳಬಹುದು. ಕಬ್ಬಿಣದ್ದು ಮಾಡಿಸಬೇಡಿ, ಉಪ್ಪುನೀರಿಗೆ ಒಂದು ಮಳೆಗಾಲವೂ ಬಾಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಎಂಬ ದರ್ಜೆ ಸಾಕು. ಅದರಲ್ಲೂ ಸಮುದ್ರದ ಉಪ್ಪಿಗೆ ಚಹಾದ ಕಲೆಯಂಥ ಕಂದು ಚುಕ್ಕೆ ಏಳುತ್ತವೆ, ಮನೆಗೆ ಬಂದು ಸಿಹಿನೀರಲ್ಲಿ ತೊಳೆದರೆ ತೊಂದರೆಯಿಲ್ಲ. 316 ಇನ್ನೂ ಒಳ್ಳೆಯದು, ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹಾಗೇ ಇದೆ. 202 ಎಂಬ ಅಗ್ಗದ್ದು ಬೇಗ ತುಕ್ಕು ಕಾಣುತ್ತದೆ. ಅಯಸ್ಕಾಂತ ಹಚ್ಚಿ ನೋಡಿದರೆ ಗೊತ್ತಾಗುತ್ತದೆ ಎಂದು ಹಲವರು ಹೇಳುತ್ತಾರೆ. ಆಗುವುದಿಲ್ಲ, 202 ಕೂಡ 304ರಂತೆಯೇ ಅಯಸ್ಕಾಂತಕ್ಕೆ ಅಂಟುವುದಿಲ್ಲ. ದರ್ಜೆ ಬರೆದ ಬಿಲ್ಲು ಕೇಳಿ ತೆಗೆದುಕೊಳ್ಳುವುದೇ ದಾರಿ.

ದಪ್ಪ ಒಂದೂವರೆ ಮಿಲಿಮೀಟರ್ ಇರಲಿ, ಮುಂದಿನ ಅಂಚಿಗೆ ಮಾತ್ರ ಇನ್ನೊಂದು ಪಟ್ಟಿ ಬೆಸುಗೆ ಹಾಕಿಸಿ. ಇಡೀ ಸ್ಕೂಪು ಎರಡು ಮಿಲಿಮೀಟರಿನದು ಮಾಡಿಸಿದರೆ ಗಟ್ಟಿ ನಿಜ, ಎತ್ತುವವರು ಯಾರು? ಹಸಿ ಮರಳು ಲೀಟರಿಗೆ ಹತ್ತಿರ ಹತ್ತಿರ ಎರಡು ಕಿಲೋ. ಮೂರು ಲೀಟರ್ ಹಿಡಿಯುವ ಸ್ಕೂಪು ತುಂಬಿದರೆ ಮರಳೇ ಆರು ಕಿಲೋ. ಗಂಟೆಗೆ ಅರವತ್ತು ಸಲ ಎತ್ತಿದರೆ 360 ಕಿಲೋ. ಹದಿನೈದು ವರ್ಷ ಕುರ್ಚಿಯಲ್ಲಿ ಕೂತು ಕೀಲಿಮಣೆ ಒತ್ತಿದ ಬೆನ್ನು ಇದು. ದೊಡ್ಡ ಸ್ಕೂಪಿನ ಆಸೆ ಬಿಡಿ, ಮೂರು ಲೀಟರಿಗಿಂತ ದೊಡ್ಡದು ನಮ್ಮಂಥವರಿಗೆ ಬೇಡವೇ ಬೇಡ.

ಹಿಡಿಯ ವಿಷಯದಲ್ಲಿ ಮಿಸ್ತ್ರಿ ನನಗಿಂತ ಜಾಣ. ನಾನು ಸ್ಟೀಲ್ ಪೈಪು ಎಂದೆ. ಅವನು ಬಿದಿರು ಎಂದ. ಬಿದಿರು ಹಗುರ, ಮುರಿದರೆ ಐದು ನಿಮಿಷದಲ್ಲಿ ಬೇರೆ ಹಾಕಬಹುದು, ಒಂದು ಕೈಯಲ್ಲಿ ಡಿಟೆಕ್ಟರ್ ಇರುವಾಗ ಪಕ್ಕದಲ್ಲೇ ಇನ್ನೊಂದು ಲೋಹದ ಕೋಲು ಬೀಸಿ ಯಂತ್ರವನ್ನು ಕೂಗಿಸುವ ಕಾಟವೂ ಇಲ್ಲ. ಉದ್ದ ಎದೆಯ ಮಟ್ಟಕ್ಕೆ. ಹಿಡಿ ಮತ್ತು ಬುಟ್ಟಿಯ ನಡುವಿನ ಬಾಗು ಬಲು ಮುಖ್ಯ. ಸಲಿಕೆಯಷ್ಟು ನೇರವಾಗಿದ್ದರೆ ಮರಳಿಗೆ ಇಳಿಯುತ್ತದೆ, ಮೇಲೆ ಬರುವಾಗ ವಸ್ತು ಜಾರುತ್ತದೆ. ಗುದ್ದಲಿಯಷ್ಟು ಬಾಗಿದ್ದರೆ ಇಳಿಯುವುದೇ ಇಲ್ಲ. ಎರಡರ ನಡುವೆ ಇರಬೇಕು. ಹಿಂಬದಿಯಲ್ಲಿ ಪಾದ ಇಡಲು ಒಂದು ಅಗಲ ಪಟ್ಟಿ. ಇದಿಲ್ಲದ ಸ್ಕೂಪನ್ನು ಹಸಿ ಮರಳಿಗೆಂದು ಕೊಳ್ಳುವುದು ಹಣ ದಂಡ. ರಾತ್ರಿ ಎಂಟೂವರೆಗೆ ಕೆಲಸ ಮುಗಿಯಿತು. ಶೀಟು, ಬಿದಿರು, ಕೂಲಿ ಸೇರಿ 2,500 ರೂಪಾಯಿ. ಮನೆಗೆ ತಂದಾಗ ಅಣ್ಣ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. "ಎರಡೂವರಿ ಸಾವಿರ ಕೊಟ್ಟು ತೂತಿನ ಸೌಟು ತಂದಾನ ನೋಡು."

ಅವನಿಗೆ ಅಪ್ಪ ಹೇಳುತ್ತಿದ್ದ ಜಲಗಾರರ ನೆನಪಾಯಿತು. ನಮ್ಮ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದವರು ಜಲಗಾರರು. ಧಾರವಾಡ ಜಿಲ್ಲೆಯ 1884ರ ಬಾಂಬೆ ಗೆಜೆಟಿಯರಿನಲ್ಲಿ ಅವರ ಪ್ರಸ್ತಾಪ ಇದೆ. ಅಕ್ಕಸಾಲಿಗರ ಅಂಗಡಿಯ ಕಸ, ಬೂದಿ ಕೊಂಡು ತೊಳೆಯುವುದೂ ಅವರ ಕಸುಬು. ಆ ಕಸುಬು ಮುಂಬಯಿಯಲ್ಲಿ ಇನ್ನೂ ಇದೆ: ಝವೇರಿ ಬಜಾರಿನ ಗಲ್ಲಿಗಳಲ್ಲಿ ಗುಡಿಸಿ, ಗಟಾರದ ಕೆಸರೆತ್ತಿ, ಕಬ್ಬಿಣದ ಘಮೇಲಾದಲ್ಲಿ ತೊಳೆದು ಚಿನ್ನದ ಕಣ ಹುಡುಕುವ ಘಮೇಲಾವಾಲಾಗಳು. ಚಿನ್ನ ಭಾರ, ಕೆಳಗೆ ಕೂರುತ್ತದೆ, ಹಗುರದ್ದನ್ನು ನೀರು ಒಯ್ಯುತ್ತದೆ. ಕಪ್ಪತಗುಡ್ಡದ ಮರದ ತಟ್ಟೆ, ಝವೇರಿ ಬಜಾರಿನ ಘಮೇಲಾ, ನನ್ನ ತೂತಿನ ಸೌಟು, ಮೂರೂ ನಂಬಿರುವುದು ಈ ಒಂದನ್ನೇ. "ಡಿಗ್ರಿ ಮ್ಯಾಲ ಡಿಗ್ರಿ ಮಾಡಿ ಕಡೀಕ ಜಲಗಾರ ಆದಿ" ಎಂದ ಅಣ್ಣ.

ಮಂಗಳವಾರ ಸ್ಕೂಪು ಹೇಗೆ ಬಳಸಬೇಕೆಂದು ಕಲಿಯುವುದರಲ್ಲೇ ಅರ್ಧ ಹೊತ್ತು ಹೋಯಿತು. ಸದ್ದು ಬಂದ ಕೂಡಲೇ ಅಗೆಯಬಾರದು. ಒಮ್ಮೆ ಉತ್ತರ ದಕ್ಷಿಣವಾಗಿ, ಒಮ್ಮೆ ಪೂರ್ವ ಪಶ್ಚಿಮವಾಗಿ ಕಾಯಿಲ್ ಆಡಿಸಿ, ಎರಡು ಗೆರೆ ಕೂಡುವ ಬಿಂದುವನ್ನು ಹೆಬ್ಬೆರಳಿನಿಂದ ಗುರುತು ಹಾಕಬೇಕು. ಡಿಟೆಕ್ಟರನ್ನು ಹಿಂದಕ್ಕೆ ಇಡಬೇಕು, ಸ್ಟೀಲ್ ಬುಟ್ಟಿ ಹತ್ತಿರ ಬಂದರೆ ಅದು ಬುಟ್ಟಿಗೇ ಕೂಗುತ್ತದೆ. (1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ದೇಹದಲ್ಲಿ ಗುಂಡು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ತಂದು ಸೋತ. ಹಾಸಿಗೆಯ ಲೋಹದ ಸ್ಪ್ರಿಂಗುಗಳು ಯಂತ್ರವನ್ನು ದಾರಿ ತಪ್ಪಿಸಿದವು ಎಂದು ಹೇಳುತ್ತಾರೆ.) ಸ್ಕೂಪಿನ ಅಂಚನ್ನು ಬಿಂದುವಿನ ಮೇಲೆ ಇಡುವುದಲ್ಲ, ಒಂದು ಗೇಣು ಹಿಂದೆ ಇಡಬೇಕು. ಪಟ್ಟಿಯ ಮೇಲೆ ಕಾಲಿಟ್ಟು ಮೈಭಾರ ಹಾಕಿ, ಬುಟ್ಟಿ ಪೂರ್ತಿ ಇಳಿದ ಮೇಲೆ ಹಿಡಿಯನ್ನು ನಮ್ಮ ಕಡೆ ಎಳೆದು, ಆಮೇಲೆ ಎತ್ತಬೇಕು. ಬೆನ್ನಿನಿಂದ ಎತ್ತದೆ, ಹಿಡಿಯನ್ನು ತೊಡೆಗೆ ಊರಿ ಮೀಟಬೇಕು.

ಎತ್ತಿದ ಕೂಡಲೇ ಅಲುಗಿಸತೊಡಗುವುದು ಎಲ್ಲರೂ ಮಾಡುವ ತಪ್ಪು. ಮೊದಲು ಗುಂಡಿಯ ಮೇಲೆ ಕಾಯಿಲ್ ಆಡಿಸಿ. ಸದ್ದು ಇನ್ನೂ ಅಲ್ಲೇ ಇದ್ದರೆ ವಸ್ತು ಒಳಗೇ ಇದೆ, ಗೋಡೆ ಕುಸಿಯುವ ಮೊದಲು ಇನ್ನೊಮ್ಮೆ ಹಾಕಿ. ಸದ್ದು ಇಲ್ಲದಿದ್ದರೆ ಅದು ಬುಟ್ಟಿಗೆ ಬಂದಿದೆ. ಆಗ ನೀರಿನಂಚಿಗೆ ಒಯ್ದು ಬುಟ್ಟಿಯನ್ನು ಅರ್ಧ ಮುಳುಗಿಸಿ ಅಕ್ಕಿ ತೊಳೆದಂತೆ ತಿರುಗಿಸಿದರೆ ಮರಳು ತಾನೇ ಹೋಗುತ್ತದೆ. ನೀರು ದೂರವಿದ್ದರೆ ಮರಳನ್ನು ಪಕ್ಕಕ್ಕೆ ಸುರಿದು, ಕಾಲಿನಿಂದ ಹರಡಿ, ಅದರ ಮೇಲೆಯೇ ಕಾಯಿಲ್ ಆಡಿಸುವುದು ಸುಲಭ. ಕೊನೆಗೆ ಗುಂಡಿ ಮುಚ್ಚಬೇಕು. ಗೊರಾಯಿಯಲ್ಲಿ ಕುದುರೆಗಳು ಓಡುತ್ತವೆ, ಮಕ್ಕಳು ಓಡುತ್ತಾರೆ. ಭರತ ಬಂದು ಮುಚ್ಚುತ್ತದೆ ಎಂದು ಬಿಟ್ಟುಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಏನೇನು ಸಿಕ್ಕಿತು? ಗುಟ್ಕಾ ಪಾಕೀಟಿನ ಚೂರು, ಬಾಟಲಿ ಮುಚ್ಚಳ, ಗಣಪತಿ ವಿಸರ್ಜನೆಯ ಮೂರ್ತಿಗಳ ಮೊಳೆ, ತಂತಿ. ತೆಳುವಾದ ಚಿನ್ನವೂ ಅಲ್ಯೂಮಿನಿಯಂ ಚೂರೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ದನಿ. ಸಣ್ಣ ಚಿನ್ನ ಬೇಕೆಂದರೆ ಗುಟ್ಕಾ ಚೂರನ್ನೆಲ್ಲ ಅಗೆಯಲೇಬೇಕು, ಬೇರೆ ದಾರಿಯಿಲ್ಲ. ನಮ್ಮ ಒಂದು, ಎರಡು ರೂಪಾಯಿಗಳು ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನವು, ಕಬ್ಬಿಣ ಬೇಡ ಎಂದು ಯಂತ್ರಕ್ಕೆ ಹೇಳಿಟ್ಟರೆ ಅವೂ ಕಾಣುವುದಿಲ್ಲ. ಅಂದು ಅದರಿಂದ ಒಳ್ಳೆಯದೇ ಆಯಿತು. ವಿಸರ್ಜನೆಯ ಹಿತ್ತಾಳೆ ಸಾಮಾನು ಸಿಕ್ಕರೆ ನಾನು ಮನೆಗೆ ತರುವುದಿಲ್ಲ. ಕೊಟ್ಟವರು ಸಮುದ್ರಕ್ಕೆ ಕೊಟ್ಟದ್ದು ಅದು, ಕಳೆದುಕೊಂಡದ್ದಲ್ಲ.

ಕಳೆದುಕೊಂಡದ್ದೂ ಒಂದು ಸಿಕ್ಕಿತು. ಎಂಟೂಕಾಲಿಗೆ ಬುಟ್ಟಿಯಲ್ಲಿ ಹಳದಿ ಹೊಳೆದಾಗ ಎದೆ ಬಡಿದುಕೊಂಡಿತು. ಉಂಗುರ. ಒಳಗೆ ಎರಡು ಅಕ್ಷರ, ಒಂದು ತಾರೀಖು. ನಮ್ಮದಲ್ಲ. ಅದನ್ನು ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ನಿಂತಿದ್ದೆ, ಏಕೆಂದರೆ ಇದನ್ನು ಕಳೆದುಕೊಂಡ ಮನೆಯಲ್ಲಿ ಆ ರಾತ್ರಿ ಹೇಗಿದ್ದಿರಬಹುದು ಎಂದು ಆ ವಾರ ನನಗೆ ಬೇರೆಯವರು ಹೇಳಬೇಕಿರಲಿಲ್ಲ.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಿಕ್ಕವನಿಗೆ ಸಿಕ್ಕಿದ್ದು ಎಂಬುದು ಬೀದಿಯ ಮಾತು. 1872ರ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ ಬೇರೆಯವರ ವಸ್ತು ಸಿಕ್ಕಿ ಅದನ್ನು ಕೈಗೆ ತೆಗೆದುಕೊಂಡವನ ಹೊಣೆ, ನಂಬಿ ಒಪ್ಪಿಸಿದ ಒತ್ತೆ ಇಟ್ಟುಕೊಂಡವನ ಹೊಣೆಯಂತೆಯೇ. ಒಡೆಯನನ್ನು ಹುಡುಕುವ ದಾರಿ ಇದ್ದೂ ನುಂಗಿಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಅದು ಅಪರಾಧ. ಬಚ್ಚಿಟ್ಟ ನಿಧಿ ಸಿಕ್ಕರೆ 1878ರ ನಿಧಿ ಕಾಯ್ದೆ ಇನ್ನೂ ಜೀವಂತ: ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಹೌದು, ಹತ್ತೇ ರೂಪಾಯಿ, ಬದಲಾಗಿಲ್ಲ. ನೂರು ವರ್ಷ ದಾಟಿದ ನಾಣ್ಯ, ಒಡವೆ 1972ರ ಕಾಯ್ದೆಯಡಿ ಪುರಾತನ ವಸ್ತು. ವಸಯಿ ಕೋಟೆಯಂಥ ಸಂರಕ್ಷಿತ ಜಾಗಕ್ಕಂತೂ ಯಂತ್ರ ಒಯ್ಯುವ ಯೋಚನೆಯೇ ಬೇಡ. ಭರತದ ಗೆರೆಗಿಂತ ಮೇಲಿನ ಒಣ ಮರಳನ್ನು ಚಳಿಗಾಲದಿಂದ ಬೇಸಿಗೆಯವರೆಗೆ ನಾನು ಮುಟ್ಟುವುದಿಲ್ಲ. ಆಮೆ ಮೊಟ್ಟೆ ಇಡುವ ಹೊತ್ತು ಅದು. 2018ರಲ್ಲಿ ನಮ್ಮ ವರ್ಸೋವಾದಲ್ಲೇ ಆಲಿವ್ ರಿಡ್ಲಿ ಮರಿಗಳು ಹೊರಬಂದು ಸಮುದ್ರ ಸೇರಿದ್ದು ನೆನಪಿರಬಹುದು.

ಉಂಗುರದ ಫೋಟೋ ತೆಗೆಯಲಿಲ್ಲ. ತೆಗೆದು ಹಂಚಿದರೆ ನೂರು ಜನ ನಮ್ಮದೇ ಎನ್ನುತ್ತಾರೆ. ಉಂಗುರ ಸಿಕ್ಕಿದೆ, ಒಳಗಿನ ಅಕ್ಷರ ಹೇಳಿದವರಿಗೆ ಎಂದಷ್ಟೇ ಬೀಚಿನ ಅಂಗಡಿಯವರಿಗೂ ಟಾಂಗಾದವರಿಗೂ ಹೇಳಿ, ಹೋಗುವ ದಾರಿಯಲ್ಲಿ ಪೋಲಿಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆದೆ.

ಬುಧವಾರ ಸಮುದ್ರ ಮೊದಲ ದಿನದಷ್ಟು ಹಿಂದೆ ಹೋಗಲಿಲ್ಲ. ಹುಣ್ಣಿಮೆಯಿಂದ ದೂರವಾದಷ್ಟೂ ಇಳಿತ ಸಣ್ಣದಾಗುತ್ತದೆ. ಪಟ್ಟಿಯ ಹೊರ ಅಂಚು ಮೊಣಕಾಲುದ್ದ ನೀರಿನಲ್ಲೇ ಉಳಿಯಿತು. ಉಪ್ಪುನೀರು ತಾನೇ ವಿದ್ಯುತ್ತನ್ನು ಹರಿಸುವುದರಿಂದ ನನ್ನಂಥ ಒಂದೇ ಫ್ರೀಕ್ವೆನ್ಸಿಯ ಡಿಟೆಕ್ಟರ್ ಅಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ. ಸೂಕ್ಷ್ಮತೆ ಇಳಿಸಿದೆ, ನಡಿಗೆ ನಿಧಾನ ಮಾಡಿದೆ. ಒಬ್ಬ ಪೋಲಿಸಿನವರು ಬಂದು ಇದೇನು ಯಂತ್ರ, ಬಾಂಬ್ ಗಿಂಬ್ ಹುಡುಕುತ್ತಿದ್ದೀರಾ ಎಂದು ಕೇಳಿದರು. ಫೋನು ತೆಗೆದು ಎರಡು ಫೋಟೋ ತೋರಿಸಿದೆ. ಕೊರಳಲ್ಲಿ ತಾಳಿ ಇರುವುದು, ಇಲ್ಲದಿರುವುದು. ಅವರು ಎರಡನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿ, ಮಾತಾಡದೆ ಬೂಟು ಕಳಚಿ ದಡದಲ್ಲಿಟ್ಟು ನೀರಿಗೆ ಇಳಿದರು. ಕಾಲಿನಿಂದ ಕೆದಕಬೇಡಿ ಸಾಹೇಬರೇ ಎಂದು ನಾನೇ ತಡೆಯಬೇಕಾಯಿತು.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಒಂದು ಸದ್ದು. ಗಟ್ಟಿಯಲ್ಲ, ಆದರೆ ಎರಡು ದಿಕ್ಕಿನಿಂದಲೂ ಒಂದೇ ಜಾಗದಲ್ಲಿ. ಒಂದು ಗೇಣು ಹಿಂದೆ ಅಂಚು ಇಟ್ಟು, ಕಾಲು ಹಾಕಿ, ಬುಟ್ಟಿ ಮುಳುಗುವವರೆಗೂ ಒತ್ತಿ ಎಳೆದೆ. ಗುಂಡಿಯಲ್ಲಿ ಸದ್ದಿಲ್ಲ. ನೀರಿನಲ್ಲಿ ತಿರುಗಿಸಿದೆ. ಮರಳು ಹೋಯಿತು, ಚಿಪ್ಪಿನ ಚೂರು ಉಳಿದವು, ಒಂದು ಕಲ್ಲು, ಮತ್ತು ಅಡಿಯಲ್ಲಿ, ಎರಡು ತೂತುಗಳ ನಡುವೆ ಅಡ್ಡ ಕೂತು, ಬಟ್ಟಲಿನ ಒಳಗೆ ಚಿಟಿಕೆ ಮರಳು ತುಂಬಿಕೊಂಡು, ತಾಳಿ. ಒಂದೇ.

ಸರ ಚಿನ್ನದ ತಂತಿಯದಾಗಿದ್ದರೆ ಎರಡೂ ಒಟ್ಟಿಗೆ ಇರುತ್ತಿದ್ದವೇನೋ. ದಾರ ಹರಿದು ಕರಿಮಣಿ ಚೆಲ್ಲಿದ್ದವು, ಗಾಜಿನ ಮಣಿಗೆ ಯಾವ ಯಂತ್ರವೂ ಕೂಗುವುದಿಲ್ಲ. ಸುತ್ತ ಎರಡು ಮೀಟರ್ ವೃತ್ತವನ್ನು ಮತ್ತೆ ಮತ್ತೆ ನಡೆದೆ. ಹತ್ತು ಗಂಟೆಗೆ ನೀರು ತೊಡೆಗೆ ಬಂತು. ಪೋಲಿಸಿನವರು ಬೂಟು ಹಾಕಿಕೊಂಡು, ನಾಳೆ ಆಪರೇಷನ್ ಅಂದಿರಲ್ಲ, ಹೋಗಿ, ಇದನ್ನು ಮೊದಲು ಮುಟ್ಟಿಸಿ ಎಂದರು.

ವೈನಿ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ಹಿಂಬದಿಯ ಗುರುತು ನೋಡಿದರು. "ತವರಿಂದು" ಎಂದರು. ಆಮೇಲೆ ಅರಿಸಿನ ಕೊಂಬನ್ನು ಬಿಚ್ಚದೆ, ಅದೇ ದಾರಕ್ಕೆ ಅದರ ಪಕ್ಕದಲ್ಲೇ ತಾಳಿ ಪೋಣಿಸಿಕೊಂಡರು. ಗುರುವಾರ ಹಾಗೆಯೇ ಆಸ್ಪತ್ರೆಯ ಕಾರಿಡಾರಿನಲ್ಲಿ ಐದು ಗಂಟೆ ಕೂತಿದ್ದರು.

ಅಣ್ಣ ಈಗ ಗದಗಿನಲ್ಲಿ ಬೆಳಿಗ್ಗೆ ಎರಡು ಕಿಲೋಮೀಟರ್ ನಡೆಯುತ್ತಾನೆ. ಅತ್ತೆಮನೆಯ ತಾಳಿ ಹೊಸದು ಮಾಡಿಸಿದ್ದಾರೆ, ಹಳೆಯದು ಇನ್ನೂ ಗೊರಾಯಿಯಲ್ಲೇ ಇದೆ. ಪಟ್ಟಿಯ ದಕ್ಷ��ಣದ ತುದಿಯಲ್ಲಿ ಸುಮಾರು ಹತ್ತು ಮೀಟರ್ ನಾನು ಸರಿಯಾಗಿ ನೋಡಿಲ್ಲ. ಮುಂದಿನ ಅಮಾವಾಸ್ಯೆ ಶನಿವಾರ ಬೀಳುತ್ತದೆ, ಇಳಿತ ಬೆಳಿಗ್ಗೆ ಆರೂವರೆಯ ಸುಮಾರಿಗೆ. ಬಿದಿರಿನ ಹಿಡಿ ಬುಡದಲ್ಲಿ ಸ್ವಲ್ಪ ಅಲುಗಾಡುತ್ತಿದೆ, ಅಷ್ಟರೊಳಗೆ ಮಿಸ್ತ್ರಿಯ ಹತ್ತಿರ ಒಯ್ದು ಬಿಗಿ ಮಾಡಿಸಬೇಕು.